ಬಿಟ್ಟುಹೋದವರ ಮನೆಗೊಮ್ಮೆ ಹೋಗಿ ಬನ್ನಿ

ಕಳೆದ ಯುಗಾದಿ ಮುಗಿದ ಮೊದಲ ಸೋಮವಾರ. ಬೆಳಿಗ್ಗೆ ಐದೂವರೆಗೆ ನಮ್ಮೂರು ಹಾರನಹಳ್ಳಿಯ ಕೇಶವ ದೇವಸ್ಥಾನದ ಮುಂದೆ 29 ಮಂದಿ ಹೆಂಗಸರು ಸೇರಿದ್ದರು. ಕೆಲವರು ಸೀರೆಯ ಮೇಲೆ ಮಗನ ಹಳೇ ಸ್ವೆಟರ್ ಹಾಕಿದ್ದರು, ಕೆಲವರು ಮೊದಲ ಸಲ ಶೂ ತೊಟ್ಟು ಅದನ್ನೇ ನೋಡಿಕೊಂಡು ನಗುತ್ತಿದ್ದರು. ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಅರ್ಧ ಗಂಟೆ ನಡೆದು ಬಂದೆವು. ನಾನು ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದೆ. ಎಷ್ಟೊಂದು ಲೈಕು!

ಮೇ ತಿಂಗಳ ಕೊನೆಯ ಹೊತ್ತಿಗೆ ಅದೇ ಜಾಗದಲ್ಲಿ ನಿಂತಿದ್ದವರು ನಾಲ್ಕೇ ಜನ. ಅವರಲ್ಲಿ ಒಬ್ಬಳು ನಾನು, ಇನ್ನೊಬ್ಬರು ಅಮ್ಮ. ಜೂನ್ ಮೊದಲ ವಾರ ಅಮ್ಮನೂ ಹೊದಿಕೆ ಎಳೆದುಕೊಂಡು ಮಗ್ಗುಲು ತಿರುಗಿ ಮಲಗಿದರು.

ನಾನು ಪದವಿ ಮುಗಿಸಿ ಎರಡು ವರ್ಷವಾಯಿತು. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದೇನೆ. ದೈಹಿಕ ಪರೀಕ್ಷೆಯಲ್ಲಿ ಹೆಣ್ಣುಮಕ್ಕಳು 400 ಮೀಟರ್ ಓಟವನ್ನು 2 ನಿಮಿಷದಲ್ಲಿ ಮುಗಿಸಬೇಕು. ಅದಕ್ಕಾಗಿ ಬೆಳಿಗ್ಗೆ ಓಡುತ್ತಿದ್ದವಳು ನಾನೊಬ್ಬಳೇ. ಊರವರನ್ನೂ ಸೇರಿಸಿಕೊಳ್ಳಬೇಕು ಅನಿಸಿದ್ದು ದೊಡ್ಡಮ್ಮನಿಂದ. ಸಕ್ಕರೆ ಕಾಯಿಲೆಯಿಂದ ಅವರ ಬಲಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಅದೇ ತಿಂಗಳು ಅಮ್ಮನ ರಕ್ತಪರೀಕ್ಷೆಯಲ್ಲೂ ಸಕ್ಕರೆ ಹೆಚ್ಚಿತ್ತು. ತೂಕ ಇಳಿಸಿ, ನಡೀರಿ ಎಂದು ಡಾಕ್ಟರು ಹೇಳಿದರು. ಎಲ್ಲಿ ನಡೀಬೇಕು, ಯಾವಾಗ ನಡೀಬೇಕು, ಯಾರ ಜೊತೆ ಎಂದು ಹೇಳಲಿಲ್ಲ. ಆ ಕೆಲಸ ನಾನು ಮಾಡುತ್ತೇನೆ ಅಂದುಕೊಂಡೆ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಐಸಿಎಂಆರ್ ನಡೆಸಿದ ರಾಷ್ಟ್ರೀಯ ಅಧ್ಯಯನದ ವರದಿ 2023ರಲ್ಲಿ ಬಂತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅದು ಅಂದಾಜು ಮಾಡಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸುಮಾರು ಶೇ 30ರಷ್ಟು ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಅಂದರೆ ಬಸ್ಸಿನಲ್ಲಿ ನಮ್ಮ ಪಕ್ಕ ಕೂತ ಹತ್ತು ಜನರಲ್ಲಿ ಮೂವರು.

ಹಾಜರಿ ಕರೆದ ತಪ್ಪು

ಜನ ಬರುವುದು ನಿಂತಾಗ ನನಗೆ ಬಂದದ್ದು ಸಿಟ್ಟು. ಪುಕ್ಕಟೆ ನಡೆಸುತ್ತೇನೆ, ಎಬ್ಬಿಸುತ್ತೇನೆ, ಆದರೂ ಬರುವುದಿಲ್ಲ ಎಂದರೆ ಸೋಮಾರಿತನವಲ್ಲದೆ ಇನ್ನೇನು? ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಾ ಗೈರುಹಾಜರಾದವರ ಪಟ್ಟಿ ಹಾಕಿದೆ. ಎರಡು ದಿನಕ್ಕೆ ಏಳು ಜನ ಗುಂಪಿನಿಂದಲೇ ಹೊರಗೆ ಹೋದರು.

ಅಮ್ಮ ಅಂದರು: “ಇಸ್ಕೂಲ್ ಬಿಟ್ಟು ಮೂವತ್ತು ವರ್ಷ ಆಯ್ತು ಕಣವ್ವ. ಈಗ ನೀನು ಹಾಜರಿ ಕೂಗ್ತೀಯ. ಬಿಟ್ಟೋರು ಯಾಕ್ ಬಿಟ್ರು ಅಂತ ಒಬ್ಬರ ಮನೆಗಾದ್ರೂ ಹೋಗಿ ಕೇಳಿದ್ಯಾ?”

ಕೇಳಿರಲಿಲ್ಲ. ಜೂನ್ ತಿಂಗಳಲ್ಲಿ ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋದೆ. ಮೊದಲ ಮನೆಯಲ್ಲೇ ನನ್ನ ಅರ್ಧ ಅಹಂಕಾರ ಇಳಿಯಿತು.

“ಐದೂವರೆಗೆ ನಾನು ಹಸುವಿನ ಕೆಚ್ಚಲು ತೊಳೀತಿರ್ತೀನಿ. ಡೈರಿಗೆ ಹಾಲು ಹಾಕೋದು ನಿಮ್ಮಪ್ಪ ಬಂದು ಹಾಕ್ತಾರಾ?” ಎಂದು ಅಕ್ಕ ಒಬ್ಬರು ನಕ್ಕರು. ಮೊದಲ ಎರಡು ವಾರ ಅವರು ಬಂದದ್ದು ರಜೆಗೆ ಬಂದಿದ್ದ ಮಗಳು ಹಾಲು ಕರೆಯುತ್ತಿದ್ದಳು ಎಂಬ ಕಾರಣಕ್ಕೆ. ಅದೇ ಮನೆಯ ಅಜ್ಜಿ ಇನ್ನೊಂದು ಮಾತು ಸೇರಿಸಿದರು: “ಹಾಲಲ್ಲಿ ಫ್ಯಾಟ್ ಎಷ್ಟು ಅಂತ ದಿನಕ್ಕೆ ಎರಡು ಸಲ ನೋಡ್ತಾರೆ. ಹಾಲು ಕರೆಯೋಳ ಬಿ.ಪಿ. ಎಷ್ಟು ಅಂತ ವರ್ಷಕ್ಕೊಂದು ಸಲನೂ ಯಾರೂ ನೋಡಲ್ಲ.”

ಎರಡನೇ ಮನೆಯವರು ಕೂಲಿಗೆ ಹೋಗುವವರು. ದಿನವಿಡೀ ಬಗ್ಗಿ ಕಳೆ ಕಿತ್ತು ಬಂದ ಹೆಂಗಸಿಗೆ ವ್ಯಾಯಾಮ ಸಾಲದು ಎಂದು ನಾನು ಉಪದೇಶ ಮಾಡಿದ್ದೆ. ಮೂರನೇ ಮನೆಯವರಿಗೆ ಮಂಡಿನೋವು. ಎಲ್ಲರ ಮುಂದೆ ಹಿಂದೆ ಬೀಳುವುದಕ್ಕೆ ನಾಚಿಕೆಪಟ್ಟು ನಿಲ್ಲಿಸಿದ್ದರು. ಊರಿನ ಆ ತುದಿಯ ಕೇರಿಯಿಂದ ಬಂದ ನಾಲ್ವರು ಮೊದಲ ದಿನದ ನಂತರ ಯಾಕೆ ಕಾಣಲಿಲ್ಲ ಎಂದು ಕೇಳಿದರೆ, “ಅದು ನಿಮ್ಮ ಬೀದಿ ಅಲ್ವಾ” ಎಂದಷ್ಟೇ ಹೇಳಿದರು. ನಾನು ಹುಟ್ಟಿದಾಗಿನಿಂದ ಆಡಿದ ಜಾಗ ಅದು. ಅದು ಯಾರದೋ ಬೀದಿಯಾಗಿ ಕಾಣಬಹುದು ಎಂದು ನನಗೆ ಹೊಳೆದಿರಲೇ ಇಲ್ಲ.

ಹೆಚ್ಚು ನೋವಾದದ್ದು ಆರನೇ ಮನೆಯಲ್ಲಿ. ಪ್ರತಿ ಭಾನುವಾರ ತೂಕದ ಯಂತ್ರ ಇಟ್ಟು ಎಲ್ಲರ ತೂಕ ಗಟ್ಟಿಯಾಗಿ ಓದುತ್ತಿದ್ದೆ. ಕಡಿಮೆಯಾದವರಿಗೆ ಚಪ್ಪಾಳೆ. ಆ ಅತ್ತೆಯ ತೂಕ ಒಂದು ಕೆ.ಜಿ. ಹೆಚ್ಚಾಗಿತ್ತು. ಯಾರೋ ನಕ್ಕರು, ನಾನೂ ನಕ್ಕಿದ್ದೆ. “ನನ್ನ ತೂಕ ನನ್ನ ಸೊಸೆಗೂ ಗೊತ್ತಾಯ್ತು. ಈಗ ತಟ್ಟೆಗೆ ಎರಡನೇ ಸಲ ಸಾರು ಹಾಕಿಸ್ಕೊಂಡ್ರೆ ಅವಳು ನೋಡ್ತಾಳೆ” ಎಂದರು ಅತ್ತೆ. ಆಮೇಲೆ ಮೂರು ದಿನ ರಾತ್ರಿ ಊಟ ಬಿಟ್ಟಿದ್ದರಂತೆ. ಅವರು ಶುಗರ್ ಮಾತ್ರೆ ತಗೊಳ್ಳುವವರು. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿದು ತಲೆ ಸುತ್ತಿ ಬೀಳಬಹುದು. ಬಿದ್ದಿರಲಿಲ್ಲ, ಅದು ನನ್ನ ಪುಣ್ಯ.

ಅವತ್ತು ರಾತ್ರಿ ನೋಟ್‌ಬುಕ್ ತೆಗೆದು ನೋಡಿದೆ. ಹದಿನೆಂಟು ಮನೆಯ ಕಾರಣಗಳಲ್ಲಿ ‘ಸೋಮಾರಿತನ’ ಎಂದು ಬರೆಯಬಹುದಾದದ್ದು ಎರಡು. ಉಳಿದದ್ದೆಲ್ಲ ನಾನು ಇಟ್ಟ ಹೊತ್ತು, ನಾನು ಆರಿಸಿದ ಜಾಗ, ನಾನು ಆಡಿದ ಮಾತು.

ದೂರದ ಊರುಗಳ ಪಾಠ

ಪಂಚಾಯಿತಿ ಗ್ರಂಥಾಲಯದಲ್ಲಿ ಪರೀಕ್ಷೆಗೆ ಓದುವ ನೆಪದಲ್ಲಿ ಇದರ ಬಗ್ಗೆಯೂ ಓದತೊಡಗಿದೆ. ತೂಕ ಇಳಿಸುವ ಸಮುದಾಯ ಕಾರ್ಯಕ್ರಮಗಳ ದೊಡ್ಡ ತಲೆನೋವು ಶುರು ಮಾಡುವುದಲ್ಲ, ಬಂದವರು ಉಳಿಯುವುದು ಎಂದು ಆಗ ಗೊತ್ತಾಯಿತು. ಈ ಪಾಠವನ್ನು ಎಲ್ಲರಿಗಿಂತ ಕಷ್ಟಪಟ್ಟು ಕಲಿತವರು ಅಮೆರಿಕ, ಆಸ್ಟ್ರೇಲಿಯಾಗಳ ಮೂಲನಿವಾಸಿಗಳು.

ನಮ್ಮ ರಾಜ್ಯದ ಜೇನು ಕುರುಬರು, ಕೊರಗರು, ಸೋಲಿಗರ ಹಾಡಿಗಳಲ್ಲಿ ಇವತ್ತಿಗೂ ಮುಖ್ಯ ಚಿಂತೆ ಅಪೌಷ್ಟಿಕತೆ. ಅದಕ್ಕೇ ಸರ್ಕಾರ ಅವರಿಗೆ ಪೌಷ್ಟಿಕ ಆಹಾರ ಹಂಚುತ್ತದೆ. ಆದರೆ ಅಮೆರಿಕದ ಅರಿಜೋನಾದ ಪೀಮಾ ಜನರ ಕಥೆ ಬೇರೆ. ಅವರು ಗಿಲಾ ನದಿಯ ನೀರು ಹಾಯಿಸಿ ಬೇಸಾಯ ಮಾಡುತ್ತಿದ್ದವರು. 19ನೇ ಶತಮಾನದ ಕೊನೆಯ ಹೊತ್ತಿಗೆ ಮೇಲ್ಭಾಗದಲ್ಲಿ ನೆಲೆಸಿದ ಬಿಳಿಯರು ಆ ನೀರನ್ನು ತಿರುಗಿಸಿಕೊಂಡರು. ಬೇಸಾಯ ಹೋಯಿತು, ದುಡಿಮೆ ಹೋಯಿತು, ಸರ್ಕಾರ ಕೊಡುವ ಹಿಟ್ಟು, ಸಕ್ಕರೆ, ಕೊಬ್ಬು ಬಂತು. ಗಡಿಯ ಆಚೆ ಮೆಕ್ಸಿಕೊದಲ್ಲಿ ಅದೇ ಮೂಲದ ಪೀಮಾ ಜನ ಹಳೆಯ ರೀತಿಯಲ್ಲೇ ಬೇಸಾಯ ಮಾಡಿಕೊಂಡಿದ್ದರು. 2006ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಮೆಕ್ಸಿಕೊದ ಪೀಮಾಗಳಲ್ಲಿ ಸಕ್ಕರೆ ಕಾಯಿಲೆ ಸುಮಾರು ಶೇ 7, ಅರಿಜೋನಾದವರಲ್ಲಿ ಶೇ 38. ಒಂದೇ ಮೂಲದ ಜನ, ಬದುಕಿನ ರೀತಿ ಮಾತ್ರ ಬೇರೆ. ಇದನ್ನು ಓದಿದ ಮೇಲೆ ದಪ್ಪಗಿರುವವರನ್ನು ಕಂಡು ‘ಬಾಯಿ ಕಟ್ಟಲ್ಲ’ ಎನ್ನಲು ನನಗೆ ಬಾಯಿ ಬರುತ್ತಿಲ್ಲ.

ಆಸ್ಟ್ರೇಲಿಯಾದ ಸಂಶೋಧಕಿ ಕೆರಿನ್ ಓಡಿಯಾ 1982ರಲ್ಲಿ ಸಕ್ಕರೆ ಕಾಯಿಲೆ ಇದ್ದ ಹತ್ತು ಮಂದಿ ಮೂಲನಿವಾಸಿಗಳೊಂದಿಗೆ ಅವರದೇ ಪೂರ್ವಜರ ನೆಲಕ್ಕೆ ಹೋದರು. ಏಳು ವಾರ ಬೇಟೆ, ಮೀನು, ಗೆಡ್ಡೆಗೆಣಸು. ಸರಾಸರಿ 8 ಕೆ.ಜಿ. ತೂಕ ಇಳಿಯಿತು, ರಕ್ತದ ಸಕ್ಕರೆಯೂ ಚೆನ್ನಾಗಿ ಇಳಿಯಿತು. ಹವಾಯಿಯ ವಯಾನೆ ಎಂಬಲ್ಲಿ ಡಾ. ಟೆರ್ರಿ ಶಿಂಟಾನಿ 1989ರಲ್ಲಿ ಅಲ್ಲಿನ ಮೂಲನಿವಾಸಿಗಳಿಗೆ ಮೂರು ವಾರ ಅವರ ಅಜ್ಜ–ಅಜ್ಜಿಯರ ಊಟವನ್ನೇ ಕೊಟ್ಟರು: ಕೆಸುವಿನ ಗೆಡ್ಡೆ, ಗೆಣಸು, ಸೊಪ್ಪು, ಮೀನು. ಹೊಟ್ಟೆ ತುಂಬ ತಿನ್ನಿ ಎಂದೇ ಹೇಳಿದ್ದರು. ಅಲ್ಲೂ ಸರಾಸರಿ 7 ಕೆ.ಜಿ.ಗೂ ಹೆಚ್ಚು ಇಳಿಯಿತು.

ಆದರೆ ಏಳು ವಾರ, ಮೂರು ವಾರ ಬೇರೆ; ವರ್ಷಗಟ್ಟಲೆ ಉಳಿಯುವುದು ಬೇರೆ. ನ್ಯೂ ಮೆಕ್ಸಿಕೊದ ಝೂನಿ ಜನರಲ್ಲಿ 1983ರಲ್ಲಿ ಶುರುವಾದ ವ್ಯಾಯಾಮ ಕಾರ್ಯಕ್ರಮ ನನಗೆ ಹೆಚ್ಚು ಹತ್ತಿರವೆನಿಸಿತು. ಅಲ್ಲಿ ಹೊರಗಿನ ತಜ್ಞರು ಬಂದು ಪಾಠ ಮಾಡಲಿಲ್ಲ. ಝೂನಿಗಳನ್ನೇ ತರಬೇತಿ ಕೊಟ್ಟು ಕಲಿಸುವವರನ್ನಾಗಿ ಮಾಡಿದರು. ಅಮೆರಿಕ ಸರ್ಕಾರ 1997ರಲ್ಲಿ ಮೂಲನಿವಾಸಿಗಳ ಸಕ್ಕರೆ ಕಾಯಿಲೆಗೆಂದೇ ಪ್ರತ್ಯೇಕ ಅನುದಾನ ಇಟ್ಟಿತು. ಅದರಡಿ ನಡೆದ ಒಂದು ಯೋಜನೆಯಲ್ಲಿ 80 ಬುಡಕಟ್ಟುಗಳ 2,553 ಮಂದಿ ಸೇರಿದರು. 16 ತರಗತಿಗಳು. ಎಲ್ಲ ತರಗತಿ ಮುಗಿಸಿದವರಲ್ಲಿ ಕಾಯಿಲೆ ಬಂದದ್ದು ಅರ್ಧಕ್ಕೆ ಬಿಟ್ಟವರಿಗಿಂತ ಕಡಿಮೆ. ಉಳಿದವರು ಮೊದಲಿನಿಂದಲೂ ಅನುಕೂಲ ಇದ್ದವರೇ ಇರಬಹುದು ಎಂಬ ಅನುಮಾನಕ್ಕೂ ಜಾಗವಿದೆ. ಹಾಗಿದ್ದರೂ ಅರ್ಥ ಒಂದೇ: ಯಾರಿಗೆ ಹೆಚ್ಚು ಬೇಕೋ ಅವರೇ ಮೊದಲು ಕಳಚಿಕೊಳ್ಳುತ್ತಾರೆ.

ನಮ್ಮ ನೆರೆಯ ಕೇರಳದಲ್ಲೂ ಒಂದು ಉದಾಹರಣೆ ಇದೆ. ತಿರುವನಂತಪುರ ಜಿಲ್ಲೆಯ 60 ಮತಗಟ್ಟೆ ಪ್ರದೇಶಗಳಲ್ಲಿ 1,007 ಜನರೊಂದಿಗೆ ನಡೆದ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಕಾರ್ಯಕ್ರಮ ನಡೆದ ಕಡೆ ಗುಂಪಿನ ಮುಖಂಡರು ಆ ಗುಂಪಿನವರೇ. ಎರಡು ವರ್ಷದ ಕೊನೆಯ ತಪಾಸಣೆಗೆ ಶೇ 95ಕ್ಕೂ ಹೆಚ್ಚು ಮಂದಿ ಬಂದರು! ಕಾಯಿಲೆ ತಡೆಯುವಲ್ಲಿ ದೊಡ್ಡ ವ್ಯತ್ಯಾಸ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಜನ ಉಳಿಯುವುದಿಲ್ಲ ಎಂಬ ನಮ್ಮ ಗೊಣಗಾಟ ಸುಳ್ಳು ಎಂದಂತೂ ಅದು ತೋರಿಸಿತು.

ಸಂಘದಿಂದ ಕಲಿತದ್ದು

ಇದನ್ನೆಲ್ಲ ಅಮ್ಮನಿಗೆ ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. “ನಮ್ ಸಂಘ ನೋಡು. ಹದಿನಾಲ್ಕು ವರ್ಷ ಆಯ್ತು, ವಾರ ತಪ್ಪಿಲ್ಲ” ಎಂದರು.

ಹೌದಲ್ಲ! ವಾರಕ್ಕೆ ಮೂರು ದಿನ ನಡೆಯಲು ಬರಲಾಗದ ಅದೇ ಹೆಂಗಸರು ಸ್ವಸಹಾಯ ಸಂಘದ ಸಭೆಗೆ ಮಳೆ ಬಂದರೂ ಕೊಡೆ ಹಿಡಿದು ಹೋಗುತ್ತಾರೆ. ಅಲ್ಲಿ ಹೊತ್ತು ಅವರದ್ದು. ಪುಸ್ತಕ ಅವರ ಕೈಯಲ್ಲಿದೆ. ಮುಖಂಡತ್ವ ಸರದಿಯಂತೆ ಬದಲಾಗುತ್ತದೆ. ಒಬ್ಬರು ಎರಡು ವಾರ ಬರದಿದ್ದರೆ ಇನ್ನೊಬ್ಬರು ಹೋಗಿ ಬಾಗಿಲು ತಟ್ಟುತ್ತಾರೆ. ಕಂತು ಕಟ್ಟಲಾಗದವರನ್ನು ಹೊರಗೆ ಹಾಕುವ ಮೊದಲು ಮನೆಯಲ್ಲಿ ಏನಾಗಿದೆ ಎಂದು ಕೇಳುತ್ತಾರೆ. ನಾನು ಪುಸ್ತಕದಲ್ಲಿ ಹುಡುಕುತ್ತಿದ್ದ ಉತ್ತರ ನಮ್ಮ ಹಜಾರದಲ್ಲೇ ಚಾಪೆ ಹಾಸಿ ಕೂತಿತ್ತು.

ಆಷಾಢದಲ್ಲಿ ಮತ್ತೆ ಶುರು ಮಾಡಿದೆವು. ಈ ಸಲ ನಾನು ಮುಖ್ಯಸ್ಥೆ ಅಲ್ಲ, ಲೆಕ್ಕ ಬರೆಯುವವಳು ಮಾತ್ರ. ಒಂದು ಗುಂಪು ಮೂರಾಯಿತು: ಬೆಳಗಿನದು, ಡೈರಿಗೆ ಹಾಲು ಹಾಕಿದ ಮೇಲಿನದು, ಸಂಜೆಯದು. ಸಂಜೆ ಗುಂಪು ಹೊರಡುವುದು ಆ ತುದಿಯ ಕೇರಿಯಿಂದ. ಈ ಬೀದಿಯವರು ಅಲ್ಲಿಗೆ ಹೋಗಿ ಸೇರಿಕೊಳ್ಳಬೇಕು. ಮೊದಲ ವಾರ ಹೋದವರು ಇಬ್ಬರೇ, ಈಗ ಐವರು. ಕೂಲಿಗೆ ಹೋಗುವವರಿಗೆ ನಡಿಗೆಯ ಕಡ್ಡಾಯವಿಲ್ಲ. ಅವರಿಗೆ ಬೇಕಿದ್ದದ್ದು ಬಿ.ಪಿ., ಶುಗರ್ ತಪಾಸಣೆ. ಆಶಾ ಕಾರ್ಯಕರ್ತೆಯನ್ನು ಸಂಘದ ಸಭೆಗೇ ಕರೆದೆವು. 30 ವರ್ಷ ದಾಟಿದವರಿಗೆ ಅವರು ಹೇಗೂ ಒಂದು ಪ್ರಶ್ನಾವಳಿ ತುಂಬಬೇಕು. ಒಂದೇ ಕಡೆ ಜನ ಸಿಕ್ಕಿದ್ದು ಅವರಿಗೂ ಅನುಕೂಲವಾಯಿತು.

ತೂಕವನ್ನು ಈಗ ಗಟ್ಟಿಯಾಗಿ ಓದುವುದಿಲ್ಲ. ಬೇಕಾದವರು ತಿಂಗಳಿಗೊಮ್ಮೆ ಒಳಕೋಣೆಯಲ್ಲಿ ನೋಡಿಕೊಂಡು ತಮ್ಮ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಜೊತೆಗೆ ಹೊಲಿಗೆ ಟೇಪಿನಲ್ಲಿ ಸೊಂಟದ ಅಳತೆ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಎಚ್ಚರ ಬೇಕು. ತೂಕ ಜಗ್ಗದ ತಿಂಗಳಲ್ಲೂ ಕೆಲವರ ಸೊಂಟ ಒಂದೆರಡು ಸೆಂ.ಮೀ. ಇಳಿದಿರುತ್ತದೆ, ಇಲ್ಲವೇ ದೇವಸ್ಥಾನದ ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಗಿರುತ್ತದೆ. ಅದನ್ನೂ ಬರೆಯುತ್ತೇವೆ. ಒಂದೇ ಅಂಕಿಗೆ ಜೋತುಬಿದ್ದರೆ ಆ ಅಂಕಿ ನಿಂತ ದಿನ ಮನುಷ್ಯರೂ ನಿಲ್ಲುತ್ತಾರೆ.

ಮೊಬೈಲ್ ನೋಡಿ ನಾನು ಕೊಟ್ಟಿದ್ದ ಓಟ್ಸ್, ಸಲಾಡಿನ ಪಟ್ಟಿ ಒಲೆ ಸೇರಿತು. ನಮ್ಮ ಕಡೆಯ ಊಟದಲ್ಲೇ ಬೇಕಾದದ್ದು ಇದೆ. ಅಳತೆ ಬದಲಾಗಬೇಕಿತ್ತು ಅಷ್ಟೇ. ರಾತ್ರಿ ಎರಡು ಮುದ್ದೆ ಇದ್ದದ್ದು ಒಂದು, ಅದರ ಜೊತೆ ಹುರುಳಿ ಬಸ್ಸಾರು, ಸೊಪ್ಪಿನ ಪಲ್ಯ ಹೆಚ್ಚು. ಮುದ್ದೆಯ ಮೇಲೆ ಅನ್ನವೂ ಇರುತ್ತಿತ್ತು, ಅದು ಕಡಿಮೆ. ಪಡಿತರದ ಅಕ್ಕಿ ಬರಪೀಡಿತ ತಾಲ್ಲೂಕಿನ ಎಷ್ಟೋ ಮನೆಗಳ ಹಸಿವು ನೀಗಿದೆ, ಅದನ್ನು ದೂರುವುದು ತಪ್ಪು. ಆದರೆ ದಿನಕ್ಕೆ ಮೂರು ಹೊತ್ತೂ ಅನ್ನವೇ ಆದರೆ ಶುಗರ್ ಇದ್ದವರಿಗೆ ಕಷ್ಟ. ಟೀ ದಿನಕ್ಕೆ ಐದು ಲೋಟ ಇದ್ದದ್ದು ಎರಡು, ಅದರಲ್ಲಿ ಸಕ್ಕರೆ ಅರ್ಧ ಚಮಚ. ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು ಎಂಬುದು ನಮ್ಮ ಮೊದಲ ನಿಯಮ.

ಇನ್ನೊಂದು ನಿಯಮ: ಬಿಟ್ಟವರು ಯಾವತ್ತು ಬೇಕಾದರೂ ಮತ್ತೆ ಬರಬಹುದು, ಯಾಕೆ ಬರಲಿಲ್ಲ ಎಂದು ಯಾರೂ ಕೇಳಬಾರದು. ರಾಗಿ ಕೊಯ್ಲಿನ ಕಾಲಕ್ಕೆ ಮೂರು ವಾರ ಎಲ್ಲರಿಗೂ ರಜೆ ಎಂದು ನಾವೇ ಸಾರಿದೆವು. ರಜೆ ಕೊಟ್ಟರೆ ‘ತಪ್ಪಿಸಿಕೊಂಡೆ’ ಎಂಬ ಭಾವ ಇರುವುದಿಲ್ಲ, ಮರಳುವುದು ಸುಲಭ. ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತಿದೆವು. ಮಂಡಿನೋವಿನ ಅಕ್ಕ ಅರ್ಧದವರೆಗೆ ಬಂದು ಕೂತರು. ಇಳಿಯುವಾಗ ಎಲ್ಲರೂ ಅವರು ಕೂತಲ್ಲೇ ಬುತ್ತಿ ಬಿಚ್ಚಿದೆವು.

ಈಗ ಮೂರೂ ಗುಂಪು ಸೇರಿ 21 ಜನ ಇದ್ದೇವೆ. ಅಮ್ಮನ ತೂಕ ಮೂರು ಕೆ.ಜಿ. ಇಳಿದಿದೆ, ಮಾತ್ರೆ ಹಾಗೇ ಇದೆ. ಪವಾಡವೇನೂ ನಡೆದಿಲ್ಲ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಊಟ, ನಡಿಗೆ ಸರಿಮಾಡಿಕೊಂಡವರಲ್ಲಿ ಮೂರು ವರ್ಷದಲ್ಲಿ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಶೇ 28ರಷ್ಟು ತಗ್ಗಿತ್ತು. ಅಲ್ಲಿ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಂಡಿರಲಿಲ್ಲ. ನಡೆದದ್ದು ವ್ಯರ್ಥವಾಗುವುದಿಲ್ಲ ಎಂಬ ಧೈರ್ಯಕ್ಕೆ ಅಷ್ಟು ಸಾಕು.

ನಮಗೇಕೆ ಈ ಮಾತು?

ಕೆಲಸ ಹುಡುಕುವ ನಮ್ಮಂಥವರಿಗೆ ಈ ವಿಷಯ ಹತ್ತಿರದ್ದು. ಹೋದ ವರ್ಷ ನಾನು ಒಂದು ಆನ್‌ಲೈನ್ ಕೋಚಿಂಗಿಗೆ ಹಣ ಕಟ್ಟಿ ನಾಲ್ಕನೇ ವಾರಕ್ಕೆ ಬಿಟ್ಟೆ. ಗಣಿತದ ಎರಡು ಪಾಠ ತಪ್ಪಿತು, ಆಮೇಲೆ ಏನೂ ಅರ್ಥವಾಗಲಿಲ್ಲ, ನಾಚಿಕೆಯಾಗಿ ಲಾಗಿನ್ ಆಗುವುದನ್ನೇ ನಿಲ್ಲಿಸಿದೆ. ಯಾರೂ ಫೋನ್ ಮಾಡಲಿಲ್ಲ. ನನ್ನಲ್ಲೇ ಛಲ ಇಲ್ಲ ಅಂದುಕೊಂಡೆ. ನಿಮ್ಮಲ್ಲೂ ಹಲವರು ಹೀಗೆ ಅಂದುಕೊಂಡಿರುತ್ತೀರಿ. ನಮ್ಮನ್ನು ಯಾರೂ ಕೇಳದ ಪ್ರಶ್ನೆಯನ್ನೇ ನಾನು ನಮ್ಮೂರಿನ ಹೆಂಗಸರಿಗೂ ಕೇಳಿರಲಿಲ್ಲ.

ಆರೋಗ್ಯ ಶಿಬಿರ, ಯೋಗ ದಿನ, ಅಭಿಯಾನ ಎಂದು ನಡೆಯುವ ಎಲ್ಲ ಕಡೆ ಎಣಿಸುವುದು ಮೊದಲ ದಿನ ಬಂದವರನ್ನು. ಬ್ಯಾನರ್ ಮುಂದೆ ಫೋಟೊ ಆದರೆ ಲೆಕ್ಕ ಮುಗಿಯಿತು. ಆರನೇ ತಿಂಗಳಲ್ಲಿ ಎಷ್ಟು ಜನ ಉಳಿದರು ಎಂಬ ಒಂದು ಕಾಲಂ ವರದಿಯಲ್ಲಿ ಸೇರಿಸಿದರೆ ಇಡೀ ಕಾರ್ಯಕ್ರಮದ ರೂಪವೇ ಬದಲಾಗುತ್ತದೆ. ಪಂಚಾಯಿತಿ ಮಾಡಬೇಕಾದ್ದೂ ದೊಡ್ಡದಲ್ಲ. ನಡೆಯುವ ದಾರಿಯಲ್ಲಿ ನಾಲ್ಕು ಬೀದಿದೀಪ ಉರಿಯಲಿ, ಡೈರಿಯ ಪಕ್ಕ ಒಂದು ತೂಕದ ಯಂತ್ರ, ಒಂದು ಬಿ.ಪಿ. ಯಂತ್ರ ಇರಲಿ. ಜನ ಬಾರದ ಕಡೆ ಶಿಬಿರ ಹಾಕುವುದಕ್ಕಿಂತ ದಿನಾ ಎರಡು ಹೊತ್ತು ಜನ ಸೇರುವ ಕಡೆಗೆ ಯಂತ್ರ ಹೋಗಲಿ.

ನಮ್ಮ ಪಾಲಿಗೆ ಬರುವುದು ಬಾಗಿಲು ತಟ್ಟುವ ಕೆಲಸ. ಕೆಲಸ ಸಿಗುವವರೆಗೆ ನಮ್ಮ ಬಳಿ ಇರುವುದು ಸಮಯ. ಆಶಾ ಕಾರ್ಯಕರ್ತೆಯರ ಬಳಿ ಇಲ್ಲದ್ದೂ ಅದೇ. ವಾರಕ್ಕೆ ಎರಡು ಗಂಟೆ ಕೊಟ್ಟರೂ ಸಾಕು. ಕೈಯಲ್ಲಿ ಉಪದೇಶದ ಪಟ್ಟಿ ಬೇಡ, ಖಾಲಿ ನೋಟ್‌ಬುಕ್ ಇರಲಿ.

ಆ ಆರನೇ ಮನೆಯ ಅತ್ತೆ ಇನ್ನೂ ಬಂದಿಲ್ಲ. ನಾನು ಕ್ಷಮೆ ಕೇಳಿದ್ದೇನೆ, ಅವರು “ಹೋಗ್ಲಿ ಬಿಡು ಮಗಾ” ಎಂದಿದ್ದಾರೆ. ಸಂಕ್ರಾಂತಿಗೆ ಎಳ್ಳು–ಬೆಲ್ಲ ಕೊಡಲು ಹೋದಾಗ ನನಗೆಂದು ಅವರೇ ಟೀ ಮಾಡಿ ತಂದರು, ಸಕ್ಕರೆ ಕಡಿಮೆ ಹಾಕಿದ್ದರು. ಮುಂದಿನ ವಾರ ಮತ್ತೆ ಹೋಗುತ್ತೇನೆ.